ಹೆಲ್ಸಿಂಕಿಯಲ್ಲಿ ಒಬ್ಬರೇ ಒಂದು ಮಧ್ಯಾಹ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನ ಕೆಲಸಕ್ಕೆಂದು ಹೋದವರು, ಮಗಳ ಮನೆಗೋ ಮಗನ ಮನೆಗೋ ಹೋದವರು, ಯುರೋಪ್ ಪ್ರವಾಸದ ನಡುವೆ ಅರ್ಧ ದಿನ ಬಿಡುವು ಸಿಕ್ಕವರು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಸೇರಿಸಿದ್ದೇನೆ. ಉತ್ತರಗಳ ಉದ್ದಕ್ಕೂ ನನ್ನದೊಂದೇ ಹಟ: ಸಮಯ ಕಡಿಮೆ ಇದ್ದರೆ ನೀರಿನ ಅಂಚು ಬಿಟ್ಟು ದೂರ ಹೋಗಬೇಡಿ.

ಮಧ್ಯಾಹ್ನ 12ರಿಂದ ಸಂಜೆ 7ರವರೆಗೆ ಮಾತ್ರ ಸಮಯ ಇದೆ. ಏನೇನು ನೋಡಬಹುದು?

ಓಡಾಡಿದರೆ ಹತ್ತು ಜಾಗ ನೋಡಬಹುದು. ನಾನು ಹೇಳುವುದು ಮೂರು: ಬಂದರಿನ ಮಾರುಕಟ್ಟೆ ಚೌಕ, ಸುವೊಮೆನ್‌ಲಿನ್ನ ಕೋಟೆ ದ್ವೀಪ, ಕೊನೆಗೆ 'ಓಡಿ' (Oodi) ಎಂಬ ಹೆಸರಿನ ಗ್ರಂಥಾಲಯ. ಹೆಲ್ಸಿಂಕಿಯ ಜನಸಂಖ್ಯೆ ಏಳು ಲಕ್ಷದ ಆಸುಪಾಸು. ಊರಿನ ವ್ಯಾಪ್ತಿಯಲ್ಲಿ ಸುಮಾರು 300 ದ್ವೀಪಗಳಿವೆ. ಯಾವ ಬೀದಿ ಹಿಡಿದರೂ ಸ್ವಲ್ಪ ಹೊತ್ತಿಗೆ ಸಮುದ್ರ ಎದುರಾಗುತ್ತದೆ. ಇಂಥ ಊರಿನಲ್ಲಿ ಪಟ್ಟಿ ಹಿಡಿದು ಟ್ರಾಮ್ ಹತ್ತಿ ಇಳಿಯುತ್ತಾ ಮಧ್ಯಾಹ್ನ ಕಳೆಯುವುದು ನನಗೆ ಸರಿ ಅನಿಸುವುದಿಲ್ಲ.

ಬಂಡೆಯ ಒಳಗೆ ಕೊರೆದು 1969ರಲ್ಲಿ ಕಟ್ಟಿ ಮುಗಿಸಿದ ತೆಂಪ್ಪೆಲಿಔಕಿಯೊ ಚರ್ಚು ನಿಜಕ್ಕೂ ಸೊಗಸಾಗಿದೆ. ಸಂಗೀತಗಾರ ಸಿಬೇಲಿಯಸ್‌ನ ಉಕ್ಕಿನ ಕೊಳವೆಗಳ ಸ್ಮಾರಕವೂ ಹಾಗೆಯೇ. ಅವಕ್ಕೆ ಇನ್ನೊಂದು ದಿನ ಇಡಿ.

ವಿಮಾನ ನಿಲ್ದಾಣದಿಂದ ಊರಿಗೆ ಬರುವುದು ಹೇಗೆ? ಲಗೇಜ್ ಎಲ್ಲಿ ಇಡಲಿ?

ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. 2015ರಲ್ಲಿ ಶುರುವಾದ ವರ್ತುಲ ಮಾರ್ಗವದು. ಐ ಮತ್ತು ಪಿ ಎಂಬ ಎರಡು ರೈಲುಗಳು ಎದುರುಬದುರು ದಿಕ್ಕಿನಲ್ಲಿ ಸುತ್ತು ಹಾಕುತ್ತವೆ. ಎರಡೂ ಸುಮಾರು ಅರ್ಧ ಗಂಟೆಯಲ್ಲಿ ಊರಿನ ಮುಖ್ಯ ನಿಲ್ದಾಣ ಮುಟ್ಟುತ್ತವೆ, ಆದ್ದರಿಂದ ಮೊದಲು ಬಂದದ್ದನ್ನು ಹತ್ತಿ. ವಿಮಾನ ನಿಲ್ದಾಣಕ್ಕೆ ಎಬಿಸಿ ವಲಯದ ಟಿಕೆಟ್ ಬೇಕು. ಊರಿನೊಳಗೆ ಎಬಿ ಸಾಕು.

ಊರಿನ ಮುಖ್ಯ ರೈಲು ನಿಲ್ದಾಣದಲ್ಲಿ ಲಗೇಜ್ ಲಾಕರ್‌ಗಳಿವೆ, ಬ್ಯಾಗ್ ಅಲ್ಲೇ ಇಟ್ಟುಬಿಡಿ. ಹೊರಗೆ ಬಂದ ಮೇಲೆ ಒಮ್ಮೆ ತಿರುಗಿ ನೋಡಿ. ಮುಖ್ಯ ಬಾಗಿಲಿನ ಎರಡೂ ಕಡೆ ದುಂಡು ದೀಪ ಹಿಡಿದು ನಿಂತ ಕಲ್ಲಿನ ಆಳುಗಳು ಕಾಣುತ್ತಾರೆ. ಎಲಿಯೆಲ್ ಸಾರಿನೆನ್ ವಿನ್ಯಾಸ ಮಾಡಿದ ಈ ನಿಲ್ದಾಣ 1919ರಲ್ಲಿ ತೆರೆಯಿತು.

ಭಾರತದ ಪಾಸ್‌ಪೋರ್ಟ್ ಇದ್ದವರು ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಇರಲೇಬೇಕು. ವಿಮಾನ ಬದಲಿಸುವ ನಡುವೆ ಆರು ಗಂಟೆ ಬಿಡುವಿದೆ ಎಂದ ಮಾತ್ರಕ್ಕೆ ಹೊರಗೆ ಬಿಡುವುದಿಲ್ಲ.

ಟಿಕೆಟ್ ವ್ಯವಸ್ಥೆ ಹೇಗಿದೆ? ಗೇಟೇ ಕಾಣಲಿಲ್ಲ!

ಗೇಟ್ ಇಲ್ಲ. ಟ್ರಾಮ್, ಮೆಟ್ರೊ, ಲೋಕಲ್ ರೈಲು, ಕೋಟೆಗೆ ಹೋಗುವ ಸರ್ಕಾರಿ ದೋಣಿ, ಎಲ್ಲಕ್ಕೂ ಎಚ್‌ಎಸ್‌ಎಲ್ ಎಂಬ ಸಾರಿಗೆ ಸಂಸ್ಥೆಯ ಒಂದೇ ಟಿಕೆಟ್. ಮೊಬೈಲ್ ಆಪ್‌ನಲ್ಲಿ ಅಥವಾ ಯಂತ್ರದಲ್ಲಿ ಹತ್ತುವ ಮೊದಲೇ ಕೊಳ್ಳಬೇಕು. ಎಬಿ ವಲಯದ ಒಂದು ಟಿಕೆಟ್ಟಿಗೆ ಮೂರು ಯೂರೊ ಆಸುಪಾಸು. ಅದು 80 ನಿಮಿಷ ನಡೆಯುತ್ತದೆ, ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ವಾಹನ ಬದಲಿಸಬಹುದು. ಮಧ್ಯಾಹ್ನಪೂರ್ತಿ ಓಡಾಡುವವರು ದಿನದ ಟಿಕೆಟ್ ತೆಗೆದುಕೊಂಡರೆ ಲೆಕ್ಕ ಇಡುವ ತಲೆನೋವು ತಪ್ಪುತ್ತದೆ. ಕೇಳುವವರಿಲ್ಲ ಅಂತ ಹಾಗೇ ಹತ್ತಬೇಡಿ. ತನಿಖೆಯವರು ಯಾವಾಗ ಬೇಕಾದರೂ ಹತ್ತುತ್ತಾರೆ, ದಂಡ ದೊಡ್ಡದು.

ಎಲ್ಲಿಂದ ನಡೆಯಲು ಶುರು ಮಾಡಲಿ?

ನಿಲ್ದಾಣದಿಂದ ದಕ್ಷಿಣಕ್ಕೆ ಐದು ನಿಮಿಷ ನಡೆದರೆ ಎಸ್ಪ್ಲನಾಡಿ ಎಂಬ ಉದ್ದನೆಯ ಉದ್ಯಾನ. ಎರಡು ಬೀದಿಗಳ ನಡುವೆ ಮರದ ಸಾಲು, ಬೆಂಚು, ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಚೆಲ್ಲಿಕೊಂಡು ಕೂತ ಜನ. ಅದರ ಪೂರ್ವದ ತುದಿಯಲ್ಲಿ 1867ರಿಂದ ಇರುವ ಕಪ್ಪೇಲಿ ಎಂಬ ಗಾಜಿನ ಕೆಫೆ. ಅದಕ್ಕೂ ಮುಂದೆ ಹವಿಸ್ ಅಮಂಡಾ ಎಂಬ ಹೆಣ್ಣಿನ ಕಂಚಿನ ಪ್ರತಿಮೆ, ಸುತ್ತ ಕಾರಂಜಿ. ವಿಲ್ಲೆ ವಾಲ್‌ಗ್ರೆನ್ ಮಾಡಿದ ಈ ಪ್ರತಿಮೆಯನ್ನು 1908ರಲ್ಲಿ ಇಲ್ಲಿ ನಿಲ್ಲಿಸಿದಾಗ ಊರಿನಲ್ಲಿ ದೊಡ್ಡ ಗಲಾಟೆಯಾಗಿತ್ತು, ಬಟ್ಟೆಯಿಲ್ಲದ ಹೆಣ್ಣನ್ನು ನಡುಬೀದಿಯಲ್ಲಿ ನಿಲ್ಲಿಸುವುದೇ ಅಂತ. ಈಗ ಪ್ರತಿ ಏಪ್ರಿಲ್ 30ರ ಸಂಜೆ ವಿದ್ಯಾರ್ಥಿಗಳು ಅವಳ ತಲೆಗೆ ಬಿಳಿ ಟೋಪಿ ತೊಡಿಸುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ.

ಅಲ್ಲಿಂದ ರಸ್ತೆ ದಾಟಿದರೆ ಕೌಪ್ಪತೋರಿ, ಅಂದರೆ ಮಾರುಕಟ್ಟೆ ಚೌಕ. ಅದರ ಕಲ್ಲುಹಾಸು ನೇರವಾಗಿ ನೀರಿನ ಅಂಚಿಗೆ ಹೋಗಿ ನಿಲ್ಲುತ್ತದೆ.

ಮಾರುಕಟ್ಟೆ ಬರೀ ಟೂರಿಸ್ಟರಿಗಂತೆ. ಹೋಗುವುದು ದಂಡವಾ?

ಖಂಡಿತ ಅಲ್ಲ. ತುಪ್ಪಳದ ಟೋಪಿ, ಹಿಮಸಾರಂಗದ ಕೊಂಬು ಮಾರುವ ಅಂಗಡಿಗಳನ್ನು ದಾಟಿಕೊಂಡು ಹಣ್ಣು ತರಕಾರಿಯವರ ಕಡೆಗೆ ಹೋಗಿ. ಜುಲೈನಲ್ಲಿ ಹೋದರೆ ಸ್ಟ್ರಾಬೆರಿ, ಸಿಪ್ಪೆಸಮೇತ ಹಸಿ ಬಟಾಣಿ, ಹೊಸ ಆಲೂಗಡ್ಡೆ. ಜುಲೈ ಕೊನೆಯ ಹೊತ್ತಿಗೆ ಕಾಡಿನ ನೀಲಿ ಬೆರ್ರಿ, ಆಗಸ್ಟ್‌ನಲ್ಲಿ ಹಳದಿ ಕಾಡಣಬೆ. ಇವುಗಳಲ್ಲಿ ಬಹಳಷ್ಟನ್ನು ತೂಗಿ ಕೊಡುವುದಿಲ್ಲ. ಲೀಟರ್ ಅಳತೆಯ ಡಬ್ಬದಲ್ಲಿ ತುಂಬಿ, ಕಾಗದದ ಚೀಲಕ್ಕೆ ಸುರಿದು ಕೊಡುತ್ತಾರೆ, ನಮ್ಮ ಸಂತೆಯಲ್ಲಿ ಕಡಲೆಕಾಯಿ ಸೇರಿನಲ್ಲಿ ಅಳೆದ ಹಾಗೆ. ಅರ್ಧ ಲೀಟರ್ ಬಟಾಣಿ ಕೇಳಿ. ಬೇಯಿಸುವುದು ಬೇಡ. ಕಾಯಿಯನ್ನು ಬೆರಳಲ್ಲಿ ಒತ್ತಿ ಸೀಳಿ, ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ನಡೆಯುವುದು ಅಲ್ಲಿನ ಬೇಸಿಗೆಯ ರೂಢಿ. ಸೂಟು ಹಾಕಿದವರೂ ಮಕ್ಕಳೂ ಹಾಗೆಯೇ ತಿನ್ನುತ್ತಾರೆ. ಆ ಕಾಳಿನ ಸಿಹಿ ಬೇರೆಯೇ. ದಿನಕ್ಕೆ ಹದಿನೆಂಟು ಹತ್ತೊಂಬತ್ತು ಗಂಟೆ ಬೆಳಕು ಕುಡಿದು ಬೆಳೆದ ಬಟಾಣಿ ಅದು.

ಕಡಲಕ್ಕಿಗಳ ಬಗ್ಗೆ ಎಚ್ಚರ ಇರಲಿ. ಕೈಯಲ್ಲಿ ತಿಂಡಿ ಹಿಡಿದು ಬಯಲಲ್ಲಿ ನಿಂತರೆ ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತವೆ. ಗುಡಾರದ ಕೆಳಗೆ ಕೂತು ತಿನ್ನಿ.

ಅಕ್ಟೋಬರ್ ಮೊದಲ ದಿನಗಳಲ್ಲಿ ಹೋಗುವ ಅದೃಷ್ಟವಿದ್ದರೆ ಇದೇ ಚೌಕದಲ್ಲಿ ಬಾಲ್ಟಿಕ್ ಹೆರ್ರಿಂಗ್ ಮೀನಿನ ಜಾತ್ರೆ. 1743ರಿಂದ ನಡೆದುಬಂದಿದೆ. ದ್ವೀಪಗಳ ಮೀನುಗಾರರು ದೋಣಿಯನ್ನು ದಡಕ್ಕೆ ಕಟ್ಟಿ, ದೋಣಿಯಿಂದಲೇ ಉಪ್ಪುಮೀನು, ಕಪ್ಪು ಸಿಹಿ ರೊಟ್ಟಿ ಮಾರುತ್ತಾರೆ.

ನಾನು ಸಸ್ಯಾಹಾರಿ. ಹಸಿವಿಗೆ ಏನು ಗತಿ?

ಚಿಂತೆ ಬೇಡ. ಹೆಲ್ಸಿಂಕಿಯಲ್ಲಿ ಸಸ್ಯಾಹಾರ, ವೀಗನ್ ಊಟ ಎರಡೂ ಸುಲಭವಾಗಿ ಸಿಗುತ್ತವೆ. ಮೆನುವಿನಲ್ಲಿ 'ಕಸ್ವಿಸ್' ಅಂತ ಇದ್ದರೆ ಸಸ್ಯಾಹಾರ. ಪಕ್ಕದಲ್ಲಿ ಜಿ ಅಕ್ಷರವಿದ್ದರೆ ಗ್ಲುಟೆನ್ ಇಲ್ಲ, ಎಲ್ ಇದ್ದರೆ ಲ್ಯಾಕ್ಟೋಸ್ ಇಲ್ಲ. ಎಲ್ ಅನ್ನು ನೋಡಿ ಹಾಲೇ ಇಲ್ಲ ಅಂದುಕೊಳ್ಳಬೇಡಿ. ಕೆಲಸದ ದಿನಗಳಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ಸುಮಾರಿಗೆ 'ಲೌನಸ್' ಎಂಬ ಮಧ್ಯಾಹ್ನದ ಊಟ ಇರುತ್ತದೆ. ಸಲಾಡ್, ಬ್ರೆಡ್, ಕಾಫಿ ಸೇರಿದ ಈ ಊಟ ರಾತ್ರಿಯ ಊಟಕ್ಕಿಂತ ಬಹಳ ಅಗ್ಗ. ದಿನದ ದೊಡ್ಡ ಊಟವನ್ನು ಆಗಲೇ ಮುಗಿಸಿ.

ಕರ್ಯಲನ್‌ಪೀರಕ್ಕ ತಿನ್ನದೆ ಬರಬೇಡಿ. ರೈ ಎಂಬ ಗೋಧಿಯಂಥ ಧಾನ್ಯದ ಹಿಟ್ಟಿನ ತೆಳು ಹಾಳೆಯ ಅಂಚನ್ನು ಬೆರಳಿನಿಂದ ಸುಕ್ಕು ಸುಕ್ಕಾಗಿ ಮಡಚಿ, ನಡುವೆ ಹಾಲಿನಲ್ಲಿ ಬೇಯಿಸಿದ ಅನ್ನ ತುಂಬಿ ಸುಟ್ಟ ತಿಂಡಿ. ಮೇಲೆ ಮೊಟ್ಟೆ ಬೆರೆಸಿದ ಬೆಣ್ಣೆ ಹಚ್ಚುತ್ತಾರೆ. ಮೊಟ್ಟೆ ತಿನ್ನದವರು ಅದಿಲ್ಲದೆ ಕೇಳಿ, ಕೊಡುತ್ತಾರೆ. ಕೊರ್ವಪೂಸ್ತಿ ಎಂಬ ದಾಲ್ಚಿನ್ನಿ ಬನ್ನಿನ ಹಿಟ್ಟಿಗೆ ಕುಟ್ಟಿದ ಏಲಕ್ಕಿ ಸೇರಿಸುತ್ತಾರೆ. ಬೇಕರಿಯ ಬಾಗಿಲು ತೆಗೆದ ಕೂಡಲೇ ಏಲಕ್ಕಿ ಘಮ. ಬಹಳ ಕಡೆ ಬನ್ನಿನ ಮೇಲೆ ಮೊಟ್ಟೆ ಸವರಿರುತ್ತಾರೆ, ಅದೂ ಗೊತ್ತಿರಲಿ.

ಮೀನು ತಿನ್ನುವವರಿಗಂತೂ ಹಬ್ಬ. ಬಂದರಿನ ಪಕ್ಕದ ಹಳೆ ಮಾರುಕಟ್ಟೆ ಕಟ್ಟಡದಲ್ಲಿ (1889ರಲ್ಲಿ ತೆರೆದದ್ದು, ಒಳಗೆಲ್ಲ ಕಪ್ಪು ಮರದ ಪುಟ್ಟ ಅಂಗಡಿಗಳು) ಸಾಲ್ಮನ್ ಮೀನಿನ ಕೆನೆ ಸೂಪು ಸಿಗುತ್ತದೆ. ಸಬ್ಬಸಿಗೆ ಸೊಪ್ಪು ಉದುರಿಸಿ, ರೈ ಬ್ರೆಡ್ ಜತೆ ಕೊಡುತ್ತಾರೆ. ಚೌಕದಲ್ಲಿ ಹಿಟ್ಟು ಸವರಿ ಬೆಣ್ಣೆಯಲ್ಲಿ ಹುರಿದ ಮುಯ್ಕ್ಕು ಎಂಬ ಪುಟ್ಟ ಕೆರೆ ಮೀನು. ಮುಳ್ಳುಸಮೇತ ತಿನ್ನಬಹುದು.

ಅನ್ನ ಸಾರೇ ಬೇಕು ಅನ್ನುವವರಿಗೆ ಊರಿನ ತುಂಬಾ ನೇಪಾಳಿ ಹೋಟೆಲುಗಳಿವೆ. ಮಧ್ಯಾಹ್ನದ ಹೊತ್ತಿಗೆ ದಾಲ್, ಪನೀರ್ ಪಲ್ಯ, ನಾನ್ ಖಾತ್ರಿ.

ಕಾಫಿ ಹೇಗಿರುತ್ತೆ?

ತಲಾವಾರು ಕಾಫಿ ಕುಡಿಯುವುದರಲ್ಲಿ ಫಿನ್ಲೆಂಡ್ ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ ನಮ್ಮ ಡಿಕಾಕ್ಷನ್ ರುಚಿ ನಿರೀಕ್ಷಿಸಬೇಡಿ. ಬೀಜವನ್ನು ತೆಳುವಾಗಿ ಹುರಿದು, ಕಾಗದದ ಸೋಸುವಿಕೆಯಲ್ಲಿ ಇಳಿಸಿದ ತಿಳಿ ಕಾಫಿ ಅದು. ಚಿಕೋರಿ ಇಲ್ಲ, ಹುಳಿಯ ಅಂಶ ಹೆಚ್ಚು. ದೊಡ್ಡ ಕಪ್ಪಿನಲ್ಲಿ ಕುಡಿಯುತ್ತಾರೆ. ಕೆಲವು ಕೆಫೆಗಳಲ್ಲಿ ಎರಡನೇ ಕಪ್ಪು ಪುಕ್ಕಟೆ ಅಥವಾ ಅಗ್ಗ, ಕೇಳಿ ನೋಡಿ. ಒಂದು ಕಪ್ಪಿನ ಮುಂದೆ ಒಂದು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಟಿಪ್ಸ್ ಕೊಡುವ ರೂಢಿ ಇಲ್ಲ.

ಸುವೊಮೆನ್‌ಲಿನ್ನಕ್ಕೆ ಹೋಗಲೇಬೇಕಾ? ಎಷ್ಟು ಹೊತ್ತು ಬೇಕು?

ಇಡೀ ಮಧ್ಯಾಹ್ನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಚೌಕದ ಪೂರ್ವದ ಅಂಚಿನಿಂದ ಎಚ್‌ಎಸ್‌ಎಲ್ ದೋಣಿ ಹೊರಡುತ್ತದೆ, ಕಾಲು ಗಂಟೆಯ ಪಯಣ. ಖಾಸಗಿ ದೋಣಿಗಳೂ ಇವೆ, ಆದರೆ ಬಸ್ಸಿನ ಟಿಕೆಟ್ಟಿನಲ್ಲೇ ಸಮುದ್ರಯಾನ ಸಿಗುವಾಗ ಬೇರೆ ದುಡ್ಡು ಯಾಕೆ? ಮೇಲಿನ ಅಂತಸ್ತಿಗೆ ಹೋಗಿ, ಊರಿಗೆ ಮುಖ ಮಾಡಿ ನಿಲ್ಲಿ. ಎಡಕ್ಕೆ ಬಿಳಿ ಕೆಥೆಡ್ರಲ್, ಬಲಕ್ಕೆ ಬಂಡೆಯ ಮೇಲೆ ಕೆಂಪು ಇಟ್ಟಿಗೆಯ ಉಸ್ಪೆನ್‌ಸ್ಕಿ. ಬಿಳಿಯದು 1852ರಲ್ಲಿ ಮುಗಿದ ಲುಥೆರನ್ ಚರ್ಚು, ಕಾರ್ಲ್ ಲುಡ್ವಿಗ್ ಎಂಗೆಲ್ ವಿನ್ಯಾಸ. ಕೆಂಪಿನದು 1868ರ ಆರ್ಥೊಡಾಕ್ಸ್ ಚರ್ಚು. ಕ್ರೈಮಿಯಾ ಯುದ್ಧದಲ್ಲಿ ಹಾಳಾದ ಬೊಮಾರ್‌ಸುಂದ್ ಕೋಟೆಯ ಇಟ್ಟಿಗೆಗಳನ್ನು ಸಮುದ್ರದ ಮೇಲೆ ತಂದು ಇದಕ್ಕೆ ಬಳಸಿದರು. ಆ ಇಟ್ಟಿಗೆಗಳು ಬಂದ ನೀರಿನ ಮೇಲೆಯೇ ನೀವು ಈಗ ಹೋಗುತ್ತಿರುತ್ತೀರಿ.

ಫಿನ್ಲೆಂಡ್ ಸ್ವೀಡನ್ನಿನ ಭಾಗವಾಗಿದ್ದಾಗ, ರಷ್ಯಾದ ಭಯದಿಂದ 1748ರಲ್ಲಿ ಅಗಸ್ಟಿನ್ ಎರೆನ್‌ಸ್ವಾರ್ಡ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಈ ಕೋಟೆ ಕಟ್ಟಲು ಶುರು ಮಾಡಿದರು. ಇಷ್ಟೆಲ್ಲ ಕಟ್ಟಿಯೂ 1808ರಲ್ಲಿ ಕೋಟೆ ರಷ್ಯನ್ನರಿಗೆ ಶರಣಾಯಿತು. 1855ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ನೌಕಾಪಡೆ ಗುಂಡಿನ ಮಳೆ ಸುರಿಸಿತು. 1918ರ ಅಂತರ್ಯುದ್ಧದ ನಂತರ ಸೋತವರನ್ನು ಇಲ್ಲಿಯೇ ಸೆರೆಯಿಟ್ಟರು, ಹಸಿವು ರೋಗಗಳಿಂದ ಬಹಳ ಜನ ಸತ್ತರು. ಪಿಕ್‌ನಿಕ್ ಬುಟ್ಟಿ ಹಿಡಿದು ಬರುವವರ ನಡುವೆ ನಡೆಯುವಾಗ ಇದೂ ನೆನಪಿರಬೇಕು ಅನ್ನುವುದು ನನ್ನ ಆಸೆ. ಕೋಟೆ 1991ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇದು ಬರೀ ಸ್ಮಾರಕ ಅಲ್ಲ. ಸುಮಾರು 800 ಜನ ಇಲ್ಲಿ ಸಂಸಾರ ಹೂಡಿದ್ದಾರೆ. ಕಿಟಕಿಯಲ್ಲಿ ಹೂಕುಂಡ, ಅಂಗಳದಲ್ಲಿ ಮಕ್ಕಳ ಸೈಕಲ್. ಚರ್ಚಿನ ಗೋಪುರದಲ್ಲಿ ಹಡಗುಗಳಿಗೆ ದಾರಿ ತೋರುವ ದೀಪವಿದೆ. ಕೋಟೆ ಗೋಡೆಗಳ ರಿಪೇರಿಯಲ್ಲಿ ದುಡಿಯುವವರಲ್ಲಿ ದ್ವೀಪದ ತೆರೆದ ಜೈಲಿನ ಕೈದಿಗಳೂ ಇದ್ದಾರೆ. ಹದಿನೆಂಟನೆಯ ಶತಮಾನದ ಹಡಗುಕಟ್ಟೆಯಲ್ಲಿ ಇವತ್ತಿಗೂ ಮರದ ಹಡಗುಗಳನ್ನು ದುರಸ್ತಿ ಮಾಡುತ್ತಾರೆ. ಮೇಲಿನ ಕಟಾಂಜನಕ್ಕೆ ಒರಗಿ ನಿಂತರೆ ಕೆಳಗೆ ಮರ ಉಜ್ಜುವ ಸದ್ದು, ಟಾರಿನ ವಾಸನೆ.

ದೋಣಿಕಟ್ಟೆಯಿಂದ ದಕ್ಷಿಣ ತುದಿಯ ರಾಜದ್ವಾರದವರೆಗೆ ನೀಲಿ ಫಲಕದ ದಾರಿ ಒಂದೂವರೆ ಕಿಲೋಮೀಟರ್. ಹೋಗಿ ಬರಲು, ನಡುವೆ ಕೂರಲು ಎರಡೂವರೆ ಗಂಟೆ ಇಟ್ಟುಕೊಳ್ಳಿ. ದ್ವೀಪದಲ್ಲಿ ಓಡಾಡಲು ಟಿಕೆಟ್ ಇಲ್ಲ, ಮ್ಯೂಸಿಯಂಗಳಿಗೆ ಮಾತ್ರ. ಕೆಲವು ಸುರಂಗಗಳ ಒಳಗೆ ಕತ್ತಲೆ, ಮೊಬೈಲ್ ಟಾರ್ಚ್ ಬೇಕಾಗುತ್ತದೆ. ಗೋಡೆಯ ಅಂಚಿನಲ್ಲಿ ಬಹಳ ಕಡೆ ತಡೆ ಇಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ. ಬಿಳಿ ಕೆನ್ನೆಯ ಬಾತುಗಳು ಮರಿಗಳ ಜತೆ ಇದ್ದರೆ ದೂರದಿಂದ ದಾಟಿ, ಕತ್ತು ಚಾಚಿ ಬುಸುಗುಟ್ಟುತ್ತವೆ.

ದೋಣಿ ಹತ್ತಲು ಮನಸ್ಸಿಲ್ಲ. ದಡದಲ್ಲೇ ನಡೆಯುವುದಾದರೆ?

ಚೌಕದಿಂದ ನೀರನ್ನು ಎಡಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ ನಡೆಯಿರಿ. ಕೈವೊಪುಯಿಸ್ತೊ ಉದ್ಯಾನ ಸಿಗುತ್ತದೆ. ದಡದುದ್ದಕ್ಕೂ ಹಿಮನದಿಗಳು ಉಜ್ಜಿ ನಯ ಮಾಡಿದ ಬಂಡೆಗಳು. ಬಿಸಿಲಿದ್ದರೆ ಅವುಗಳ ಮೇಲೆ ಅಂಗಾತ ಮಲಗಿ. ಬಾಲ್ಟಿಕ್‌ನಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ, ನೀರಿನಲ್ಲಿ ಉಪ್ಪೂ ಕಡಿಮೆ. ಮಂಗಳೂರಿನ ಕಡಲಿನ ಉಪ್ಪುಗಾಳಿ, ಅಲೆಯ ಮೊರೆತ ಇಲ್ಲಿ ಇಲ್ಲ.

ಬೇಸಿಗೆಯಾದರೆ ದಡದ ಮರದ ಕಟ್ಟೆಗಳ ಮೇಲೆ ಜನ ಜಮಖಾನ ಒಗೆಯುವುದು ಕಾಣಬಹುದು. ಹಳೆ ಬಟ್ಟೆಯ ಪಟ್ಟಿಗಳಿಂದ ನೇಯ್ದ ಉದ್ದನೆಯ ಜಮಖಾನಗಳು. ಮರದ ಮೇಜಿನ ಮೇಲೆ ಹಾಸಿ, ಪೈನ್ ಮರದ ಸೋಪು ಹಾಕಿ, ಬ್ರಷ್‌ನಿಂದ ಗಸಗಸ ತಿಕ್ಕುತ್ತಾರೆ. ಆಮೇಲೆ ಹಿಡಿಕೆ ತಿರುಗಿಸುವ ಉರುಳೆಗಳ ನಡುವೆ ಹಾಯಿಸಿ ನೀರು ಹಿಂಡಿ, ಗಳುವಿನ ಮೇಲೆ ಸಾಲಾಗಿ ಒಣಗಹಾಕುತ್ತಾರೆ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಸೇರಿ ಮಾಡುವ ಕೆಲಸ. ಬಣ್ಣದ ಪಟ್ಟೆಗಳ ಹಿಂದೆ ಸಮುದ್ರ. ಊರಿನ ದೊಡ್ಡ ಕಟ್ಟಡಗಳಿಗಿಂತ ನನಗೆ ಇದು ಮೆಚ್ಚು. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ.

ಒಬ್ಬಳೇ ಹೆಂಗಸು ಓಡಾಡಬಹುದಾ?

ಧೈರ್ಯವಾಗಿ. ಹಗಲಿರಲಿ, ಸಂಜೆಯಿರಲಿ, ಒಬ್ಬರೇ ಕೂತು ಊಟ ಮಾಡುವುದು, ಒಬ್ಬರೇ ಬೆಂಚಿನಲ್ಲಿ ಪುಸ್ತಕ ಓದುವುದು ಅಲ್ಲಿ ತೀರಾ ಸಾಮಾನ್ಯ. ಯಾಕೆ ಒಬ್ಬರೇ ಬಂದಿದ್ದೀರಿ ಅಂತ ಕೇಳುವವರಿಲ್ಲ, ದಿಟ್ಟಿಸುವವರೂ ಇಲ್ಲ. ಅಪರಿಚಿತರ ಮೌನವನ್ನು ಕೋಪ ಅಂದುಕೊಳ್ಳಬೇಡಿ. ದಾರಿ ಕೇಳಿದರೆ ನಿಂತು, ಇಂಗ್ಲಿಷಿನಲ್ಲಿ ವಿವರವಾಗಿ ಹೇಳುತ್ತಾರೆ. ಬೇಸಿಗೆಯ ಜನಜಂಗುಳಿಯಲ್ಲಿ ಪರ್ಸಿನ ಮೇಲೆ ಗಮನ ಇರಲಿ. ತುರ್ತಿಗೆ 112.

ಸೌನಾಕ್ಕೆ ಹೋಗಲು ಸಂಕೋಚ. ಬಿಡಲಾ?

ಸೌನಾ ಅಂದರೆ ಬಿಸಿ ಕಾವಿನಲ್ಲಿ ಕೂತು ಬೆವರು ಹರಿಸುವ ಕೋಣೆ. ಸಂಕೋಚ ಸಹಜ, ಆದರೂ ಒಂದು ಗಂಟೆ ಇದ್ದರೆ ಹೋಗಿ ಅನ್ನುತ್ತೇನೆ. ಚೌಕದ ಪಕ್ಕದಲ್ಲೇ 2016ರಲ್ಲಿ ತೆರೆದ ಅಲ್ಲಾಸ್ ಎಂಬ ಸೌನಾ ಮತ್ತು ಈಜುಕೊಳಗಳ ಜಾಗ ಇದೆ. ಈಜುಕೊಳ ಬಿಸಿನೀರಿನದೊಂದು, ಸಮುದ್ರದ ನೀರಿನದೊಂದು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಸೌನಾ ಇರುವ ಕಡೆ ಬಟ್ಟೆ ಇಲ್ಲದೆ ಕೂರುವುದು ರೂಢಿ, ಟವೆಲ್ ಸುತ್ತಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಹೆರ್ನೆಸಾರಿಯ ಲೊಯ್ಲು ಎಂಬ ಕಡಲತೀರದ ಸೌನಾದಲ್ಲಿ ಎಲ್ಲರೂ ಈಜುಡುಗೆ ಹಾಕಿಯೇ ಒಟ್ಟಿಗೆ ಕೂರುತ್ತಾರೆ, ಮೊದಲ ಸಲಕ್ಕೆ ಅದು ಹಗುರ. ಅಲ್ಲಿಗೆ ಮೊದಲೇ ಬುಕ್ ಮಾಡಿ. ಒಳಗೆ ಹೋಗುವ ಮೊದಲು ಸ್ನಾನ ಕಡ್ಡಾಯ. ಕೆಳಗಿನ ಮೆಟ್ಟಿಲಲ್ಲಿ ಕೂತು ಶುರು ಮಾಡಿ, ಮೇಲಕ್ಕೆ ಹೋದಷ್ಟೂ ಕಾವು ಹೆಚ್ಚು. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೋಗಬಾರದು.

ಸಂಜೆ ದಣಿದ ಮೇಲೆ ಎಲ್ಲಿ ಕೂರಲಿ? ಮಳೆ ಬಂದರೆ?

ಎರಡಕ್ಕೂ ಒಂದೇ ಉತ್ತರ, 'ಓಡಿ' ಗ್ರಂಥಾಲಯ. ಫಿನ್ಲೆಂಡಿನ ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಜನರಿಗೆ ಕೊಟ್ಟ ಉಡುಗೊರೆಯಾಗಿ ಕಟ್ಟಿದ ಇದು 2018ರ ಡಿಸೆಂಬರ್ 5ರಂದು ತೆರೆಯಿತು. ರೈಲು ನಿಲ್ದಾಣದ ಪಕ್ಕದಲ್ಲೇ, ಸಂಸತ್ ಭವನಕ್ಕೆ ಎದುರಾಗಿ. ಗುರುತಿನ ಚೀಟಿ ಕೇಳುವುದಿಲ್ಲ, ಶುಲ್ಕ ಇಲ್ಲ. ಶೌಚಾಲಯ, ಕುಡಿಯುವ ನೀರು, ವೈಫೈ ಎಲ್ಲ ಇದೆ. ನಡುವಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಹಾಡು ಮುದ್ರಿಸುವ ಕೋಣೆ. ಶಾಲೆಯ ಹುಡುಗ ಪ್ಯಾಂಟಿನ ಜಿಪ್ ಹೊಲಿದುಕೊಳ್ಳುತ್ತಿರುತ್ತಾನೆ. ಮೇಲಿನ ಅಂತಸ್ತು ಪುಸ್ತಕಗಳದ್ದು. ಬಿಳಿ ಮೋಡದ ಆಕಾರದ ಸೂರು, ಎರಡೂ ತುದಿಗಳಲ್ಲಿ ಬೆಟ್ಟದ ಏರಿನಂತೆ ಏಳುವ ಮರದ ನೆಲ, ಸುತ್ತ ಗಾಜು. ಊರಿನ ಅತ್ಯುತ್ತಮ ಜಾಗವನ್ನು, ಶಾಸಕರ ಕಣ್ಣೆದುರಿಗೆ, ಓದುವವರಿಗೆ ಬಿಟ್ಟುಕೊಟ್ಟಿದ್ದಾರೆ. ಇಂಥದ್ದು ನಮ್ಮ ಬೆಂಗಳೂರಿಗೂ ಮೈಸೂರಿಗೂ ಬೇಕು ಎಂದು ಅಲ್ಲಿ ಕೂತಾಗ ಮನಸ್ಸು ಒದ್ದಾಡುತ್ತದೆ.

ಯಾವ ತಿಂಗಳು ಒಳ್ಳೆಯದು? ಚಳಿಗಾಲದಲ್ಲಿ ಮಧ್ಯಾಹ್ನ ಅಂತ ಇರುತ್ತಾ?

ಜೂನ್‌ನಿಂದ ಆಗಸ್ಟ್. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 10.50ರ ಸುಮಾರಿಗೆ. ಆದರೆ ಮಧ್ಯಬೇಸಿಗೆಯ ಹಬ್ಬ ಯುಹನ್ನುಸ್‌ನ ವಾರಾಂತ್ಯದಲ್ಲಿ ಜನ ಹಳ್ಳಿಮನೆಗಳಿಗೆ ಹೋಗಿ ಊರು ಖಾಲಿಯಾಗುತ್ತದೆ, ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ. ಬೇಸಿಗೆಯಲ್ಲೂ ದೋಣಿಯ ಮೇಲೆ ಗಾಳಿ ತಣ್ಣಗೆ, ಜಾಕೆಟ್ ಬೇಕೇ ಬೇಕು.

ಡಿಸೆಂಬರ್‌ನಲ್ಲಿ ಮಧ್ಯಾಹ್ನ 3.15ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಫೆಬ್ರವರಿಯಲ್ಲಿ ಸಮುದ್ರ ಹೆಪ್ಪುಗಟ್ಟಿದ್ದರೆ ಕೋಟೆಯ ದೋಣಿ ಮಂಜುಗಡ್ಡೆ ಸೀಳಿಕೊಂಡು ಹೋಗುತ್ತದೆ, ಆ ಕರಕರ ಸದ್ದಿಗಾಗಿಯೇ ಹೋಗಬಹುದು. ಹೆಪ್ಪುಗಟ್ಟಿದ ನೀರಿನ ಮೇಲೆ ಮಾತ್ರ ನೀವಾಗಿಯೇ ಕಾಲಿಡಬೇಡಿ.

ಸಂಜೆ ಸ್ಟಾಕ್‌ಹೋಮ್ ಹಡಗು ಹತ್ತಬೇಕು. ಏನು ಗಮನಿಸಬೇಕು?

ಸಿಲ್ಯಾ ಲೈನ್ ಹಡಗು ಬಂದರಿನ ಪಶ್ಚಿಮ ದಡದ ಒಲಿಂಪಿಯಾ ಟರ್ಮಿನಲ್‌ನಿಂದ, ವೈಕಿಂಗ್ ಲೈನ್ ಹಡಗು ಎದುರಿನ ಕಟಯನೊಕ್ಕದಿಂದ ಹೊರಡುತ್ತವೆ. ಎರಡೂ ಸಂಜೆ ಐದರ ಆಸುಪಾಸು, ಆದ್ದರಿಂದ ಇವರಿಗೆ ಕೋಟೆಯನ್ನು ಬೆಳಗ್ಗೆಯೇ ನೋಡುವುದು ಲೇಸು. ಟಿಕೆಟ್ಟಿನಲ್ಲಿ ಟರ್ಮಿನಲ್ ಹೆಸರು ನೋಡಿಯೇ ಹೊರಡಿ, ನೀರಿನಾಚೆ ಕಾಣುವ ಹಡಗಿಗೆ ಚೌಕ ಸುತ್ತಿ ನಡೆಯಬೇಕಾಗುತ್ತದೆ. ಪಾಸ್‌ಪೋರ್ಟ್ ಜತೆಗಿರಲಿ. ಸ್ವೀಡನ್ನೂ ಷೆಂಗೆನ್ ಒಳಗೇ ಇರುವುದರಿಂದ ಅದೇ ವೀಸಾ ನಡೆಯುತ್ತದೆ.

ಹತ್ತಿದ ಕೂಡಲೇ ಬಫೆ ಊಟದ ಸಾಲಿಗೆ ಓಡಬೇಡಿ. ಬ್ಯಾಗನ್ನು ಕ್ಯಾಬಿನ್‌ನಲ್ಲಿಟ್ಟು ಮೇಲಿನ ಡೆಕ್ಕಿಗೆ ಬಂದು ಬಲಗಡೆ ನಿಲ್ಲಿ. ಹೊರಟ ಸ್ವಲ್ಪ ಹೊತ್ತಿಗೆ ಹಡಗು ಸುವೊಮೆನ್‌ಲಿನ್ನದ ಪಕ್ಕದ ಇಕ್ಕಟ್ಟಿನ ಜಲಮಾರ್ಗದಲ್ಲಿ ನುಸುಳುತ್ತದೆ. ಕೋಟೆಯ ಹುಲ್ಲಿನ ಮೇಲೆ ಕೂತವರ ಮುಖ ಕಾಣುವಷ್ಟು ಹತ್ತಿರ. ಅಲ್ಲಿಂದ ಮಕ್ಕಳು ಕೈ ಬೀಸುತ್ತಾರೆ, ನೀವೂ ಬೀಸಿ. ಊಟ ರಾತ್ರಿಯವರೆಗೂ ಸಿಗುತ್ತದೆ.